ಅಕ್ಷರಕ್ಕಿಂತ ಮುಂಚಿನ ಕೈಗಳು

ರಾತ್ರಿ ಕರೆಂಟು ಹೋದರೆ ನಮ್ಮ ಕೇರಿಯ ಹುಡುಗರಿಗೆ ಹಬ್ಬ. ಎರಡು ಬೆಣಚುಕಲ್ಲು ಹುಡುಕಿಕೊಂಡು ಒಂದಕ್ಕೊಂದು ಉಜ್ಜುತ್ತಿದ್ದೆವು. ಕಲ್ಲಿನ ಹೊಟ್ಟೆಯೊಳಗೆ ಹಳದಿ ಬೆಳಕು ಮಿಂಚಿ ಆರಿಹೋಗೋದು. ಮೂಗಿಗೆ ಸುಟ್ಟ ವಾಸನೆ ಬರೋದು. ನಾವು ಯಲಹಂಕದ ಆಚೆ, ಬೆಟ್ಟಹಲಸೂರಿನ ಕಡೆಯವರು. ನಮ್ಮವ್ವ ಕಲ್ಲುಕ್ವಾರಿಯಲ್ಲಿ ಜಲ್ಲಿ ಒಡೆದಳು. ನಮ್ಮಪ್ಪ ಕಂಡವರ ಮನೆಗೆಲ್ಲ ಪಾಯ ತೋಡಿದ. ಕಲ್ಲು ಮತ್ತು ಮಣ್ಣು, ಇವೆರಡೇ ನಮಗೆ ಮುದ್ದೆ ಹಾಕಿದ್ದು. ಇವೆರಡನ್ನೂ ಪುಸ್ತಕದ ಹಾಗೆ ಓದುವವರು ಇದ್ದಾರೆ ಅಂತ ಗೊತ್ತಾಗುವ ಹೊತ್ತಿಗೆ ನಾವು ಬಿ.ಎ. ಎರಡನೇ ವರ್ಷದಲ್ಲಿದ್ದೆವು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು.

ಆ ವರ್ಷ ಗೆಳೆಯರೆಲ್ಲ ಸೇರಿ ಹೆಬ್ಬಾಳದ ಶಾಸನ ನೋಡಲು ಹೋದೆವು. 2018ರಲ್ಲಿ ಸಿಕ್ಕಿದ ವೀರಗಲ್ಲು ಅದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಅನ್ನುವವನು ನಾಡಿನ ಮೇಲೆ ಬಿದ್ದವರೊಡನೆ ಕಾದಾಡಿ ಸತ್ತದ್ದನ್ನ ಅದು ಹೇಳುತ್ತದೆ. ಸಾವಿರದ ಇನ್ನೂರು ವರ್ಷ ದಾಟಿದ ಮೇಲೂ ಅವನ ಹೆಸರು ಉಳಿದಿದೆ. ನೋಡಿ ಖುಷಿಯಾಯಿತು. ಗೆಳೆಯರು ತಮ್ಮ ತಮ್ಮ ಮನೆತನ, ತಾಮ್ರಪಟ, ಜೋಡಿಗ್ರಾಮದ ಮಾತು ತೆಗೆದರು. ಒಬ್ಬ ನಮ್ಮ ಕಡೆ ತಿರುಗಿ, "ನಿಮ್ಮೋರ್ದು ಯಾವ್ದಾದ್ರೂ ಶಾಸನ ಇದೆಯೇನೋ?" ಅಂದ. ಅವನು ಕೆಟ್ಟವನಲ್ಲ. ನಮ್ಮ ಡಬ್ಬಿಯಿಂದ ಚಿತ್ರಾನ್ನ ತಿಂದವನು. ನಾವೂ ನಕ್ಕೆವು. ಬಸ್ಸು ಹತ್ತಿದ ಮೇಲೆ ನಗು ನಿಂತಿತು.

ನಮ್ಮವರಿಗೆ ಶಾಸನ ಎಲ್ಲಿಂದ ಬರಬೇಕು? ನಮ್ಮಜ್ಜಿಯ ಹೆಸರು ಎಲ್ಲಾದರೂ ಬರಹದಲ್ಲಿ ಇದ್ದರೆ ಅದು ರೇಷನ್ ಕಾರ್ಡಿನಲ್ಲಿ ಮತ್ತು ಸಾಲದ ಕಾಗದದಲ್ಲಿ. ಅದರ ಕೆಳಗೆ ಹೆಬ್ಬೆಟ್ಟು. ಚರಿತ್ರೆ ಅಂದರೆ ಬರೆದಿಟ್ಟದ್ದು ಅನ್ನುವುದಾದರೆ ಬರೆಯಲು ಬಿಡದವರ ಚರಿತ್ರೆ ಯಾವುದು?

ಈ ಪ್ರಶ್ನೆ ಹೊತ್ತುಕೊಂಡು ಲೈಬ್ರರಿಯಲ್ಲಿ ಕೂತಾಗ ಕಣ್ಣಿಗೆ ಬಿದ್ದ ಹೆಸರು ಜಾಲಹಳ್ಳಿ. ಯಶವಂತಪುರದ ಆಚೆಯ ನಮ್ಮ ಜಾಲಹಳ್ಳಿಯೇ. ಕೆ.ಆರ್.ಯು. ಟಾಡ್ ಅನ್ನುವವರು ಪೂರ್ವ ಮೈಸೂರಿನ ಸಣ್ಣ ಕಲ್ಲಿನ ಆಯುಧಗಳ ಬಗ್ಗೆ 1948ರಲ್ಲಿ ಒಂದು ಲೇಖನ ಬರೆದರು. ಆ ಆಯುಧ ಸಿಕ್ಕಿದ್ದು ಜಾಲಹಳ್ಳಿಯಲ್ಲಿ. ಮುಖ್ಯವಾಗಿ ಬೆಣಚುಕಲ್ಲಿನವು. ನಾವು ಕತ್ತಲಲ್ಲಿ ಉಜ್ಜಿ ಆಡುತ್ತಿದ್ದ ಅದೇ ಕಲ್ಲು! ಉಗುರಿನಷ್ಟು, ಬೆರಳಿನಷ್ಟು ಚಕ್ಕೆಗಳು. ಇಂಥವನ್ನ ಮರಕ್ಕೋ ಎಲುಬಿಗೋ ಅಂಟು ಹಾಕಿ ಕೂರಿಸಿದರೆ ಬಾಣ ಆಗುತ್ತದೆ, ಕುಯ್ಯುವ ಕತ್ತಿ ಆಗುತ್ತದೆ. ಒಂದು ಚಕ್ಕೆ ಮುರಿದರೆ ಅದೊಂದನ್ನೇ ಕಿತ್ತು ಇನ್ನೊಂದು ಕೂರಿಸಬಹುದು. ಆಂಧ್ರದ ಜ್ವಾಲಾಪುರಂನಲ್ಲಿ ಇಂಥ ಸಣ್ಣ ಆಯುಧಗಳು 35 ಸಾವಿರ ವರ್ಷದಷ್ಟು ಹಿಂದಿನವು ಸಿಕ್ಕಿವೆ. ಆಗ ರಾಜನಿಲ್ಲ, ಗುಡಿಯಿಲ್ಲ, ಬರಹವಿಲ್ಲ. ಆದರೂ ಓದುವವರಿಗೆ ಅವರ ಬದುಕು ಸಿಗುತ್ತದೆ, ಅವರು ಮಾಡಿದ ಕೆಲಸದ ಮೂಲಕ.

ಪುಸ್ತಕದ ಚಿತ್ರವನ್ನ ಫೋನಿನಲ್ಲಿ ಹಿಡಿದು ತಂದು ಅವ್ವನಿಗೆ ತೋರಿಸಿದೆವು. ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಇದಾ? ಇದು ತಾನಾಗಿ ಒಡೆದಿದ್ದಲ್ಲ ಕಣಪ್ಪ, ಯಾರೋ ಹೊಡ್ದವ್ರೆ" ಅಂದಳು. ಹೆಂಗೆ ಗೊತ್ತು ಅಂದರೆ, "ಅಂಚು ನೋಡು. ಅಂಚಿಗೆ ಓರೆಯಾಗಿ ಹೊಡಿಬೇಕು. ನಡೂಕೆ ಹೊಡೆದ್ರೆ ಕೈ ನೋಯ್ತದೆ, ಕಲ್ಲು ಏಳಕಿಲ್ಲ."

ಪುರಾತತ್ವದ ಪುಸ್ತಕ ಇದನ್ನೇ ಎರಡು ಪುಟದಲ್ಲಿ ಹೇಳುತ್ತದೆ. ಏಟು ಬಿದ್ದ ಜಾಗದ ಕೆಳಗೆ ಚಕ್ಕೆಯ ಮೇಲೆ ಒಂದು ಸಣ್ಣ ಉಬ್ಬು ಏಳುತ್ತದೆ. ಆ ಉಬ್ಬು, ಆ ಅಂಚಿನ ಕೋನ, ಒಂದಾದ ಮೇಲೊಂದು ಎದ್ದ ಚಕ್ಕೆಗಳ ಗುರುತು, ಇವನ್ನ ನೋಡಿ ಇದು ಬಿಸಿಲಿಗೆ ಸೀಳಿದ್ದಲ್ಲ, ಮನುಷ್ಯನ ಕೈ ಸೀಳಿದ್ದು ಅಂತ ತೀರ್ಮಾನ ಮಾಡುತ್ತಾರೆ. ಶಾಲೆಯ ಮುಖ ನೋಡದ ನಮ್ಮವ್ವ ಆ ತೀರ್ಮಾನಕ್ಕೆ ಒಂದು ಗಳಿಗೆಯಲ್ಲಿ ಬಂದಳು. ಅವಳಿಗೆ ಯಾರೂ ಪದವಿ ಕೊಡಲಿಲ್ಲ. ದಿನಕ್ಕಿಷ್ಟು ಕೂಲಿ ಕೊಟ್ಟರು, ಕೆಮ್ಮು ಕೊಟ್ಟರು.

ಆಮೇಲೆ ನಾವು ಅವ್ವನಿಗೆ ಇಸಾಂಪುರದ ಕತೆ ಹೇಳಿದೆವು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಊರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1997ರಿಂದ ಕೆಲವು ವರ್ಷ ಅಲ್ಲಿ ಅಗೆಸಿದರು. ಸಿಕ್ಕಿದ್ದು ಒಂದು ಕಲ್ಲಿನ ಕ್ವಾರಿ. ಆದಿಮಾನವರ ಕ್ವಾರಿ. ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ದಪ್ಪ ತೆಳು ನೋಡಿ ಆರಿಸಿ, ಗಟ್ಟಿ ಉಂಡೆಗಲ್ಲಿನಿಂದ ಹೊಡೆದು, ಕೈಗೊಡಲಿ ಮತ್ತು ಮಚ್ಚಿನಂಥ ಆಯುಧ ಮಾಡಿದ ಜಾಗ. ಮಾಡಿ ಮುಗಿಸಿದ್ದು, ಅರ್ಧಕ್ಕೆ ಬಿಟ್ಟದ್ದು, ಹೊಡೆದ ಸುತ್ತಿಗೆಕಲ್ಲು, ಉದುರಿದ ಚೂರು, ಎಲ್ಲ ಸೇರಿ 15 ಸಾವಿರಕ್ಕೂ ಹೆಚ್ಚು ಕಲ್ಲುಗಳು. ಎದ್ದುಹೋದವರು ಈಗ ಬರುತ್ತಾರೇನೋ ಅನ್ನುವ ಹಾಗೆ ಬಿದ್ದಿದ್ದವು. ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷೆ ಮಾಡಿ ಸುಮಾರು 12 ಲಕ್ಷ ವರ್ಷ ಅಂತ ಕಾಲ ಕಟ್ಟಿದರು. ಅವರು ನಮ್ಮಂಥ ಮನುಷ್ಯರೂ ಅಲ್ಲ, ನಮಗಿಂತ ಮುಂಚಿನ ಬೇರೊಂದು ಮಾನವ ಕುಲ.

ಅವ್ವ ಎಲ್ಲ ಕೇಳಿಸಿಕೊಂಡು, "ಅಷ್ಟೊಂದು ಒಡೆದವ್ರಲ್ಲ, ಕೂಲಿ ಎಷ್ಟು ಕೊಡ್ತಿದ್ರಂತೆ?" ಅಂದಳು.

"ಕೂಲಿ ಇಲ್ಲ ಕಣವ್ವ. ಯಜಮಾನನೇ ಇಲ್ಲ. ಅವರು ಒಡೆದಿದ್ದು ಅವರಿಗೇ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ಸುಸ್ತಾದಾಗ ಕೂತ್ಕೋಬೋದಿತ್ತು" ಅಂದಳು.

ನಾವು ಎಷ್ಟೋ ಪುಸ್ತಕ ಓದಿದ್ದೇವೆ. ಶ್ರಮದ ಬಗ್ಗೆ ಇದಕ್ಕಿಂತ ನೇರವಾದ ಮಾತನ್ನ ಎಲ್ಲೂ ಓದಿಲ್ಲ. ಆ ಕಾಲ ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಹಸಿವಿತ್ತು, ಕಾಡುಮೃಗ ಇತ್ತು, ಗಾಯ ಕೊಳೆತರೆ ಸಾವಿತ್ತು. ಆದರೆ ದಣಿದ ಮೈಗೆ ಕೂರಬೇಡ ಅನ್ನುವ ಮೇಸ್ತ್ರಿ ಇರಲಿಲ್ಲ.

ಇನ್ನು ಊಟದ ವಿಚಾರ. ಇಸಾಂಪುರದ ಸೀಮೆಯಲ್ಲೇ ಬೂದಿಹಾಳ ಅಂತ ಇನ್ನೊಂದು ಊರು. ಹೊಸ ಶಿಲಾಯುಗದ ದನಗಾರರ ಹಟ್ಟಿ ಅದು, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ದೊಡ್ಡಿಯ ಸಗಣಿ ಒಟ್ಟಿ ಒಟ್ಟಿ ಸುಟ್ಟು ಬೂದಿಯ ದಿಬ್ಬವೇ ಆಗಿದೆ. ಪದ್ದಯ್ಯನವರು ಅಲ್ಲಿಯೂ ಅಗೆಸಿದಾಗ ದನ ಕುಯ್ಯುತ್ತಿದ್ದ ನೆಲ ಹಾಗೇ ಸಿಕ್ಕಿತು. ಎಲುಬು ಅಲ್ಲೇ, ಕುಯ್ದ ಕಲ್ಲಿನ ಆಯುಧ ಅಲ್ಲೇ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಅದೇ ಯುಗದವರು ಕೊರಲೆ, ಹುರುಳಿ, ಹೆಸರುಕಾಳು ಉಂಡದ್ದಕ್ಕೆ ಸುಟ್ಟ ಕಾಳುಗಳು ಸಾಕ್ಷಿ. ಹುರುಳಿ ಸಾರು ಮತ್ತು ಬಾಡು! ನಮ್ಮ ಕೇರಿಯ ಒಲೆಯ ಮೇಲಿನ ಅಡಿಗೆಯೇ. ಯಾವ ಊಟಕ್ಕಾಗಿ ನಮ್ಮನ್ನ ಹೊಲಸು ಅಂತ ಊರಾಚೆ ಇಟ್ಟರೋ ಆ ಊಟ ಒಂದು ಕಾಲಕ್ಕೆ ಹಟ್ಟಿಯ ಊಟ. ತಿಂದವರು ಮೈಲಿಗೆಯವರು ಅನ್ನುವ ಗುರುತು ಆ ನೆಲದಲ್ಲಿಲ್ಲ.

ಬ್ರಹ್ಮಗಿರಿಯಲ್ಲಿ, ತೆಕ್ಕಲಕೋಟೆಯಲ್ಲಿ ಆ ಕಾಲದವರು ಸತ್ತ ಎಳೆಗೂಸುಗಳನ್ನ ಮಡಕೆಯೊಳಗಿಟ್ಟು ಹೂಳಿದ್ದಾರೆ. ಇದನ್ನ ಓದಿದ ದಿನ ನಾವು ಪುಸ್ತಕ ಮುಚ್ಚಿಟ್ಟೆವು. ನಮಗೊಬ್ಬಳು ತಂಗಿ ಇದ್ದಳು. ಹನ್ನೊಂದು ದಿನ ಇದ್ದಳು. ಅವಳನ್ನ ಹೂಳಲು ಜಾಗ ಕೇಳಿದಾಗ ಆಗಲ್ಲ ಅಂದರು. ಅಪ್ಪ ರಾತ್ರಿ ಹೊತ್ತು ಕೆರೆಯಂಗಳದಲ್ಲಿ ಗುಂಡಿ ತೋಡಿದ. ಊರಿಗೆಲ್ಲ ಪಾಯ ತೋಡಿದ ಅದೇ ಗುದ್ದಲಿ. ಕಬ್ಬಿಣವೇ ಕಾಣದ ಆ ಜನ ತಮ್ಮ ಕೂಸಿಗೆ ಒಂದು ಮಡಕೆ ಕೊಟ್ಟರು, ಒಂದು ಜಾಗ ಕೊಟ್ಟರು.

ಇಷ್ಟೆಲ್ಲ ಓದಿದ ಮೇಲೆ ನಮ್ಮೊಳಗೆ ಒಂದು ಸೊಕ್ಕು ಬಂತು. ಅದನ್ನೂ ಹೇಳಿಬಿಡಬೇಕು. ನಮ್ಮ ಜಾತಿ ಸರ್ಟಿಫಿಕೇಟಿನಲ್ಲಿ 'ಆದಿ ಕರ್ನಾಟಕ' ಅಂತ ಇದೆ. ಮೈಸೂರು ಸಂಸ್ಥಾನದ ಕಾಗದಗಳಿಗೆ 1920ರ ದಶಕದಲ್ಲಿ ಬಂದ ಹೆಸರು. ಆದಿ ಅಂದರೆ ಮೊದಲು. ಹಾಗಾದರೆ ಜಾಲಹಳ್ಳಿಯ ಚಕ್ಕೆ ನಮ್ಮದು, ಇಸಾಂಪುರ ನಮ್ಮದು, ಮಿಕ್ಕವರೆಲ್ಲ ಆಮೇಲೆ ಬಂದವರು ಅಂತ ಆ ಗೆಳೆಯನ ಮುಖಕ್ಕೆ ಹೇಳಬೇಕು ಅನ್ನಿಸಿತು. ಮಾತು ನಾಲಗೆಯ ತುದಿಗೆ ಬಂದಿತ್ತು.

ತಡೆದದ್ದು ಬಾಬಾಸಾಹೇಬರು. ಟಾಡ್ ಜಾಲಹಳ್ಳಿಯ ಕಲ್ಲಿನ ಬಗ್ಗೆ ಬರೆದ ಅದೇ 1948ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರು ಯಾರು, ಅವರು ಹೇಗೆ ಅಸ್ಪೃಶ್ಯರಾದರು ಅನ್ನುವುದರ ಮೇಲೆ ತಮ್ಮ ಪುಸ್ತಕ ತಂದರು. ಅಸ್ಪೃಶ್ಯರು ಬೇರೆ ಜನಾಂಗ ಅನ್ನುವ ವಾದವನ್ನ ಅವರು ಒಪ್ಪಲಿಲ್ಲ. ಮೂಗು ತಲೆ ಅಳೆದವರ ಲೆಕ್ಕವನ್ನೇ ತೆಗೆದುಕೊಂಡು ಆ ವಾದ ನಿಲ್ಲದು ಅಂತ ತೋರಿಸಿದರು. ಅಸ್ಪೃಶ್ಯತೆ ಹುಟ್ಟಿದ್ದು ಸುಮಾರು ಕ್ರಿ.ಶ. 400ರಲ್ಲಿ ಅಂದರು. ಇನ್ನೊಂದು ಸಾಕ್ಷಿ ರಕ್ತದಿಂದಲೇ ಬಂತು. ಹೈದರಾಬಾದಿನ ಕೆ. ತಂಗರಾಜ್, ಅಮೆರಿಕದ ಪ್ರಿಯಾ ಮೂರ್ಜಾನಿ ಮತ್ತು ಡೇವಿಡ್ ರೈಕ್ ಮೊದಲಾದವರ ತಂಡ 2013ರಲ್ಲಿ ಹೇಳಿದ್ದು ಇದು: ಸುಮಾರು 4,200 ವರ್ಷದಿಂದ 1,900 ವರ್ಷದ ಹಿಂದಿನವರೆಗೆ ಈ ದೇಶದ ಜನ ಒಬ್ಬರಲ್ಲೊಬ್ಬರು ಬೆರೆತರು. ಬೆರೆಯದ ಗುಂಪು ಇಲ್ಲವೆನ್ನುವಷ್ಟು ಬೆರೆತರು. ಆಮೇಲೆ ತಮ್ಮ ತಮ್ಮೊಳಗೇ ಮದುವೆ ಮಾಡಿಕೊಂಡು ಬಾಗಿಲು ಹಾಕಿಕೊಂಡರು.

ಅಂದರೆ ಜಾಲಹಳ್ಳಿಯ ಚಕ್ಕೆ ನಮ್ಮೊಬ್ಬರದ್ದಲ್ಲ. ಚಿತ್ರಾನ್ನ ತಿಂದ ಗೆಳೆಯನದ್ದೂ ಹೌದು. ಅದನ್ನ ಒಪ್ಪಿಕೊಳ್ಳುವುದು ಸುಲಭ ಆಗಲಿಲ್ಲ. ಏನೂ ಇಲ್ಲದವನಿಗೆ ಒಂದು ಆಸ್ತಿ ಸಿಕ್ಕಿ, ಅದೂ ಪಾಲಿಗೆ ಬಂದರೆ ಹೇಗಿರುತ್ತದೆ? ಹಾಗಿತ್ತು. ಆಮೇಲೆ ಒಂದು ಲೆಕ್ಕ ಹಾಕಿದೆವು. ಇಸಾಂಪುರದಿಂದ ಇವತ್ತಿನವರೆಗಿನ 12 ಲಕ್ಷ ವರ್ಷವನ್ನ ಒಂದು ಕೂಲಿ ದಿನ ಅಂದುಕೊಳ್ಳಿ, ಬೆಳಿಗ್ಗೆ ಆರರಿಂದ ಸಂಜೆ ಆರು. ಗಂಟೆಗೆ ಒಂದು ಲಕ್ಷ ವರ್ಷ. ಜ್ವಾಲಾಪುರಂನ ಸಣ್ಣ ಆಯುಧ ಬರುವುದು ಕೊನೆಯ 21 ನಿಮಿಷಕ್ಕೆ. ಬೂದಿಹಾಳದ ಹಟ್ಟಿ ಕೊನೆಯ ಎರಡೂವರೆ ನಿಮಿಷಕ್ಕೆ. ಅಂಬೇಡ್ಕರ್ ಹೇಳಿದ ಅಸ್ಪೃಶ್ಯತೆ? ಕೊನೆಯ ಒಂದು ನಿಮಿಷ. ಅದೂ ಪೂರ್ತಿ ಇಲ್ಲ. ಗುದ್ದಲಿ ತೊಳೆದು ಒರಗಿಸುವಷ್ಟು ಹೊತ್ತು. ಅನಾದಿ, ಸನಾತನ, ಹಿಂದಿನಿಂದ ನಡೆದು ಬಂದದ್ದು ಅಂತ ನಮ್ಮ ತಲೆಗೆ ತುಂಬಿದ್ದರ ವಯಸ್ಸು ಇಷ್ಟು. ಆಸ್ತಿ ಪಾಲಾದರೂ ನಷ್ಟವಿಲ್ಲ ಅನ್ನಿಸಿತು. ನಾವು ಮೊದಲು ಬಂದವರು ಅನ್ನುವುದಕ್ಕಿಂತ ಇದು ದೊಡ್ಡದು. ನಿನ್ನೆ ಮೊನ್ನೆ ಕಟ್ಟಿದ ಗೋಡೆ ಇದು. ಕಟ್ಟಿದ್ದನ್ನ ಕೆಡವಬಹುದು.

ಈಗ ಜಾಲಹಳ್ಳಿಯ ಹೆಸರಿನಲ್ಲಿ ಮೆಟ್ರೊ ನಿಲ್ದಾಣ ಇದೆ. ಸುತ್ತ ಕಾರ್ಖಾನೆ, ಅಪಾರ್ಟ್‌ಮೆಂಟು. ಯಲಹಂಕದ ಕಡೆಯೂ ಪಾಯದ ಮೇಲೆ ಪಾಯ. ಜೆಸಿಬಿ ಒಂದು ಬಾಚಿಗೆ ಎಷ್ಟು ಸಾವಿರ ವರ್ಷ ಎತ್ತಿ ಲಾರಿಗೆ ಹಾಕುತ್ತದೋ! ಆ ಮಣ್ಣಿನ ಹತ್ತಿರ ನಿಂತವರು ಮತ್ತೆ ನಮ್ಮವರೇ. ಗುದ್ದಲಿ ಮಂಕರಿ ಹಿಡಿದವರು. ಉತ್ಖನನದ ವರದಿಗಳಲ್ಲಿ ಅಗೆದ ಕೂಲಿಯವರ ಹೆಸರು ಹುಡುಕಿದರೂ ಸಿಗುವುದು ಅಪರೂಪ. ಗೆಳೆಯರೇ, ನಿಮ್ಮೂರಲ್ಲಿ ಪಾಯ ತೋಡುವಾಗ, ಬಾವಿ ತೋಡುವಾಗ ಒಂದು ಗಳಿಗೆ ಮಣ್ಣಿನ ಕಡೆ ನೋಡಿ. ಬೂದಿ ಬಣ್ಣದ ಪದರ, ಮಡಕೆ ಚೂರು, ಅಂಚು ಮಾಡಿದ ಬೆಣಚುಕಲ್ಲು ಕಂಡರೆ ಇದ್ದ ಜಾಗದಲ್ಲೇ ಬಿಟ್ಟು, ಬಲ್ಲವರಿಗೆ ತಿಳಿಸಿ. ಜಾಗ ಬಿಟ್ಟು ಎತ್ತಿದ ಕಲ್ಲು ಅರ್ಧ ಮೂಗ.

ಅಪ್ಪನಿಗೆ ಇದನ್ನ ಹೇಳಿಕೊಟ್ಟಿದ್ದೇವೆ. ಹೋದ ತಿಂಗಳು ಕೆಲಸದಿಂದ ಬಂದವನು ಕೈಕಾಲು ತೊಳೆಯದೆ ನಿಂತುಕೊಂಡು, "ಇವತ್ತು ಆಳುದ್ದದ ಗುಂಡೀಲಿ ಕರೀ ಮಣ್ಣಿನ ಗೆರೆ ಇತ್ತು ಕಣ್ಲಾ, ಇದ್ದಿಲಿತ್ತು" ಅಂದ. ಬೆಳಿಗ್ಗೆ ನಾವಿಬ್ಬರೂ ಓಡಿದೆವು. ಅಷ್ಟರಲ್ಲಿ ಕಾಂಕ್ರೀಟು ಹಾಕಿಯಾಗಿತ್ತು. ಅಪ್ಪ ಅದರ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಮೇಸ್ತ್ರಿ ಕೂಗಿದ. ಅಪ್ಪ ಏಳಲಿಲ್ಲ.