ಮುಗಿಯದ ಸಂಪುಟಗಳು: ರಾವಂದೂರಿನ ಶಾಸನದ ಎರಡು ವಿಳಾಸಗಳು

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಲ್ಲಿ ವಿಜಯನಗರ ಕಾಲದ ಒಂದು ಜೈನ ಶಾಸನ ದೊರೆತಿದೆ. ಅದನ್ನು ಗ್ರಂಥಭಂಡಾರದಲ್ಲಿ ಹುಡುಕಹೊರಟವನಿಗೆ ಮೊದಲು ಎದುರಾಗುವುದು ಲಿಪಿಯ ತೊಡಕಲ್ಲ, ವಿಳಾಸದ ತೊಡಕು. ಬಿ. ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು ಹೊರತಂದಾಗ ಪಿರಿಯಾಪಟ್ಟಣ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಹುಣಸೂರಿಗೆ ಸೇರಿತ್ತು. ಆದ್ದರಿಂದ ರಾವಂದೂರಿನ ಶಾಸನ ಅಲ್ಲಿ ಹುಣಸೂರಿನ ಸಂಖ್ಯೆಯನ್ನು ಹೊತ್ತಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1975ರಲ್ಲಿ ನಾಲ್ಕನೆಯ ಸಂಪುಟದ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸಿದಾಗ ಹುಣಸೂರು ಬೇರೆ, ಪಿರಿಯಾಪಟ್ಟಣ ಬೇರೆ. ಊರು ಇದ್ದಲ್ಲಿಯೇ ಇದೆ, ಕಲ್ಲಿನ ಅಕ್ಷರಗಳೂ ಅವೇ. ಸಂಖ್ಯೆ ಮಾತ್ರ ಹೊಸದು. ಇದು ರಾವಂದೂರಿಗೆ ಮಾತ್ರ ಒದಗಿದ ಪಾಡಲ್ಲ. ರೈಸ್ ಅವರ ಸಂಪುಟದಲ್ಲಿ ಯೆಡತೊರೆ ತಾಲ್ಲೂಕಿನಲ್ಲಿದ್ದ ಚಿಕ್ಕಹನಸೋಗೆಯ ಬಸದಿಯ ಶಾಸನಗಳನ್ನು ಇಂದು ಕೃಷ್ಣರಾಜನಗರದ ಹೆಸರಿನಲ್ಲಿ ಅರಸಬೇಕು. ಅವು 1976ರ ಐದನೆಯ ಸಂಪುಟದಲ್ಲಿವೆ. ಹೆಗ್ಗಡದೇವನಕೋಟೆಯ ಶಾಸನಗಳು ಅದಕ್ಕೂ ಎರಡು ವರ್ಷ ಮೊದಲು ಮೂರನೆಯ ಸಂಪುಟವನ್ನು ಸೇರಿದ್ದವು. 1898ರಲ್ಲಿ ಒಂದೇ ರಟ್ಟಿನೊಳಗೆ ಕೂಡಿದ್ದ ನೆರೆಯ ತಾಲ್ಲೂಕುಗಳು ಪರಿಷ್ಕರಣೆಯಲ್ಲಿ ಮೂರು ಸಂಪುಟಗಳಿಗೆ ಹಂಚಿಹೋದವು.

ಹಳೆಯದೊಂದು ಮಹಾಕಾರ್ಯವನ್ನು ಹೊಸದಾಗಿ ಕಟ್ಟುವವರ ಮುಂದೆ ಯಾವಾಗಲೂ ಒಂದು ಪ್ರಶ್ನೆ ನಿಲ್ಲುತ್ತದೆ. ಎಲ್ಲವೂ ಸಿದ್ಧವಾದ ಮೇಲೆ ಒಮ್ಮೆಗೇ ಲೋಕಾರ್ಪಣೆ ಮಾಡುವುದೋ, ಅಥವಾ ಸಿದ್ಧವಾದಷ್ಟನ್ನು ಆಗಿಂದಾಗ್ಗೆ ಹೊರಬಿಡುವುದೋ? ಕನ್ನಡ ನಾಡಿನ ಶಾಸನ ಸಂಪುಟಗಳ ಚರಿತ್ರೆ ಮತ್ತು ಜೈನ ಗ್ರಂಥಗಳ ಮುದ್ರಣದ ಚರಿತ್ರೆ ಈ ಪ್ರಶ್ನೆಗೆ ಕೊಟ್ಟ ಉತ್ತರ ಬಹುಮಟ್ಟಿಗೆ ಒಂದೇ. ಆದರೆ ಆ ಉತ್ತರಕ್ಕೆ ತೆತ್ತ ಬೆಲೆಯನ್ನು ಅಷ್ಟಾಗಿ ಯಾರೂ ಲೆಕ್ಕ ಹಾಕುವುದಿಲ್ಲ.

ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದರು. ಸಂಖ್ಯೆ 144. ಬೆಳಗೊಳದ ಬೆಟ್ಟಗಳನ್ನು ಹತ್ತಿದ ಯಾರಿಗಾದರೂ ಅಲ್ಲಿನ ಬರವಣಿಗೆ ಅಷ್ಟಕ್ಕೇ ಮುಗಿಯುವುದಿಲ್ಲವೆಂದು ತಿಳಿಯುತ್ತದೆ. ಬಂಡೆಯ ಮೇಲೆ, ಮಂಟಪದ ಕಂಬದ ಮೇಲೆ, ಯಾತ್ರಿಕರು ಕೊರೆದ ಹೆಸರುಗಳ ನಡುವೆ ಎಲ್ಲೆಲ್ಲಿಯೂ ಅಕ್ಷರ. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ ಬಂದಾಗ ಶಾಸನಗಳ ಸಂಖ್ಯೆ 500ಕ್ಕೆ ಏರಿತ್ತು. 1973ರ ಆವೃತ್ತಿಯಲ್ಲಿ ಅದು 573 ಆಯಿತು. ಈಗಿನ ಲೆಕ್ಕದಲ್ಲಿ ನೋಡಿದರೆ ರೈಸ್ ಅವರು ಬಿಡುಗಡೆ ಮಾಡಿದ್ದು ಕಾರ್ಯದ ಕಾಲುಭಾಗ ಮಾತ್ರ. ಉಳಿದ ಮುಕ್ಕಾಲು ಭಾಗವೂ ಕೈಸೇರಲಿ ಎಂದು ಅವರು ಕಾದಿದ್ದರೆ ಮಲ್ಲಿಷೇಣ ಪ್ರಶಸ್ತಿಯ ಆಚಾರ್ಯಪರಂಪರೆಯಾಗಲಿ, ಚಂದ್ರಗಿರಿಯ ಅತ್ಯಂತ ಪ್ರಾಚೀನ ನಿಸಿದಿ ಶಾಸನಗಳಾಗಲಿ ವಿದ್ವಾಂಸರ ಮೇಜಿಗೆ ಬರುವುದಕ್ಕೆ ಇನ್ನೊಂದು ತಲೆಮಾರು ಬೇಕಾಗುತ್ತಿತ್ತು.

ಅವಸರದ ದೋಷವೂ ಅಲ್ಲಿಯೇ ಇದೆ. ಭದ್ರಬಾಹುವಿನ ಪ್ರಸಂಗವನ್ನು ಹೇಳುವ ಚಂದ್ರಗಿರಿಯ ಮೊದಲನೆಯ ಶಾಸನಕ್ಕೆ ರೈಸ್ ಅವರು ಬಹಳ ಹಿಂದಿನ ಕಾಲವನ್ನು ಕಲ್ಪಿಸಿದ್ದರು. ಜೆ. ಎಫ್. ಫ್ಲೀಟ್ ಅದನ್ನು ಕಟುವಾಗಿಯೇ ಖಂಡಿಸಿದರು. ಭದ್ರಬಾಹು ಮತ್ತು ಚಂದ್ರಗುಪ್ತರ ದಕ್ಷಿಣಯಾತ್ರೆಯ ಪ್ರಶ್ನೆ ಈ ಒಂದು ಕಾಲನಿರ್ಣಯಕ್ಕೆ ತಗಲಿಕೊಂಡಿದ್ದರಿಂದ ವಾದ ವರ್ಷಾನುಗಟ್ಟಲೆ ನಡೆಯಿತು. ನರಸಿಂಹಾಚಾರ್ಯರು 1923ರಲ್ಲಿ ಆ ಶಾಸನಕ್ಕೆ ಕ್ರಿ. ಶ. 600ರ ಸುಮಾರಿನ ಕಾಲವನ್ನು ಕೊಟ್ಟರು. ಇಂದು ಸಾಮಾನ್ಯವಾಗಿ ಒಪ್ಪಿತವಾಗಿರುವುದು ಅದೇ. ಗಮನಿಸಬೇಕಾದ್ದು ಇಷ್ಟು: ಕಾಲನಿರ್ಣಯದಲ್ಲಿ ರೈಸ್ ಎಡವಿದರೂ ಶಾಸನದ ಪಾಠವನ್ನು ಎಲ್ಲರೂ ನೋಡುವಂತೆ ಮುದ್ರಿಸಿದ್ದರು. ಫ್ಲೀಟ್ ಅವರಿಗೆ ಖಂಡಿಸಲು ಸಾಧ್ಯವಾದದ್ದೇ ಅದರಿಂದ. ಅಚ್ಚಾಗದ ಅಭಿಪ್ರಾಯವನ್ನು ತಿದ್ದುವವರು ಯಾರು?

ನರಸಿಂಹಾಚಾರ್ಯರ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗಿ ಬಂದಿತು. ಅವರೂ ಎಸ್. ಜಿ. ನರಸಿಂಹಾಚಾರ್ಯರೂ ಕೂಡಿ ಸಿದ್ಧಪಡಿಸಿದ ಕರ್ಣಾಟಕ ಕವಿಚರಿತೆಯ ಮೊದಲನೆಯ ಸಂಪುಟ 1907ರಲ್ಲಿ ಹೊರಬಂದಿತು. ಅದೇ ವರ್ಷ ಎಸ್. ಜಿ. ನರಸಿಂಹಾಚಾರ್ಯರು ತೀರಿಕೊಂಡರು. ಉಳಿದ ಹೊರೆ ಒಬ್ಬರ ಹೆಗಲಿಗೆ ಬಿತ್ತು. ಅವರೋ ಆಗ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಹೊಣೆಯನ್ನು ಹೊತ್ತು ಊರೂರು ಅಲೆಯುತ್ತಿದ್ದವರು. ಎರಡನೆಯ ಸಂಪುಟ ಮುಗಿಯುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನಂಥ ಕವಿಗಳೆಲ್ಲ ಬರುವುದು 1919ರ ಆ ಸಂಪುಟದಲ್ಲಿಯೇ. ಜಯನೃಪಕಾವ್ಯ, ನೇಮಿಜಿನೇಶ ಸಂಗತಿ, ಸಮ್ಯಕ್ತ್ವಕೌಮುದಿಗಳ ಜೊತೆಗೆ ಪಾಕವನ್ನು ಕುರಿತ ಸೂಪಶಾಸ್ತ್ರವನ್ನೂ ಬರೆದ ಆ ಜೈನ ಪ್ರಭುಕವಿಯನ್ನು ಇಂದು ಪಿರಿಯಾಪಟ್ಟಣ, ಹುಣಸೂರಿನವರು ತಮ್ಮವನೆಂದು ಹೇಳಿಕೊಳ್ಳುವುದಾದರೆ ಅದರಲ್ಲಿ ಕವಿಚರಿತೆಯ ಪಾಲು ದೊಡ್ಡದು.

ಆ ಹೊತ್ತಿಗೆ ಮೊದಲ ಸಂಪುಟ ಹಳೆಯದಾಗಿತ್ತು. ನಡುವೆ ಹೊಸ ಶಾಸನಗಳು ಸಿಕ್ಕಿದ್ದವು, ಹೊಸ ಓಲೆಯ ಪ್ರತಿಗಳು ಬೆಳಕಿಗೆ ಬಂದಿದ್ದವು. ಅವುಗಳಲ್ಲಿ ಅನೇಕವನ್ನು ಕಂಡುಹಿಡಿದವರು ಸ್ವತಃ ನರಸಿಂಹಾಚಾರ್ಯರೇ. ಹೀಗಿರುವಾಗ ಇನ್ನೂ ಬಾರದ ಮೂರನೆಯ ಸಂಪುಟವನ್ನು ಮುಗಿಸುವುದು ಮೊದಲೋ, ಬಂದು ಹಳತಾದ ಮೊದಲನೆಯದನ್ನು ಮತ್ತೆ ಕಟ್ಟುವುದು ಮೊದಲೋ? ಅವರು 1922ರಲ್ಲಿ ನಿವೃತ್ತರಾದರು. 1923ರಲ್ಲಿ ಶ್ರವಣಬೆಳಗೊಳದ ಪರಿಷ್ಕೃತ ಸಂಪುಟ, 1924ರಲ್ಲಿ ಕವಿಚರಿತೆಯ ಮೊದಲ ಸಂಪುಟದ ಪರಿಷ್ಕೃತ ಆವೃತ್ತಿ. ಮೂರನೆಯ ಸಂಪುಟಕ್ಕೆ ಓದುಗರು 1929ರವರೆಗೆ ಕಾಯಬೇಕಾಯಿತು. ಅರುವತ್ತು ದಾಟಿದ ಒಬ್ಬ ವಿದ್ವಾಂಸ ಕಟ್ಟಡದ ಮೇಲಂತಸ್ತನ್ನು ಬಿಟ್ಟು ತಳಪಾಯವನ್ನು ಮತ್ತೆ ತೋಡಲು ಕುಳಿತದ್ದು ಲೌಕಿಕ ಬುದ್ಧಿಗೆ ಒಪ್ಪುವ ಮಾತಲ್ಲ. ಆಯುಷ್ಯ ಕೈಕೊಟ್ಟಿದ್ದರೆ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ಕವಿಗಳು ಕವಿಚರಿತೆಯ ಹೊರಗೇ ಉಳಿಯುತ್ತಿದ್ದರು. ಆದರೆ ಪಂಪ, ಪೊನ್ನ, ರನ್ನ, ಜನ್ನರು ಇರುವುದು ಮೊದಲ ಸಂಪುಟದಲ್ಲಿ. ಅಲ್ಲಿನ ತಪ್ಪು ಪಾಠಪುಸ್ತಕಗಳಿಗೆ ಇಳಿಯುತ್ತದೆ, ಅಲ್ಲಿಂದ ಜನರ ಬಾಯಿಗೆ. ಅವರು ಆರಿಸಿಕೊಂಡ ಕ್ರಮವೇ ಸರಿಯೆಂದು ಹೇಳಬೇಕಾಗುತ್ತದೆ. ಅವರು 1936ರವರೆಗೆ ಬದುಕಿದ್ದರಿಂದ ಹಾಗೆ ಹೇಳುವುದು ಇಂದು ಸುಲಭವಾಗಿದೆ ಎಂಬುದೂ ನಿಜ.

ಜೈನ ಪರಂಪರೆಗೆ ಅಪೂರ್ಣತೆ ಹೊಸದಲ್ಲ. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಗ್ರಂಥಪ್ರಮಾಣದಷ್ಟು ಬರೆದು ಸ್ವರ್ಗಸ್ಥರಾದರು. ಶಿಷ್ಯ ಜಿನಸೇನರು ಮತ್ತೆ ನಲವತ್ತು ಸಾವಿರ ಬರೆದು ಶಕ 759ರಲ್ಲಿ, ಎಂದರೆ ಕ್ರಿ. ಶ. 837ರಲ್ಲಿ ಮುಗಿಸಿದರು. ಅದೇ ಜಿನಸೇನರು ಆದಿಪುರಾಣವನ್ನು ನಲವತ್ತೆರಡು ಪರ್ವಗಳೂ ಮುಂದಿನ ಪರ್ವದ ಮೂರು ಶ್ಲೋಕಗಳೂ ಆಗುವಷ್ಟರಲ್ಲಿ ಬಿಟ್ಟುಹೋದರು. ಗುಣಭದ್ರರು ಅದನ್ನು ಮುಂದುವರಿಸಿದರು. ಗುರು ಎಲ್ಲಿ ನಿಂತ, ಶಿಷ್ಯ ಎಲ್ಲಿ ಹಿಡಿದ ಎಂಬುದನ್ನು ಪರಂಪರೆ ಮರೆಮಾಚಲಿಲ್ಲ. ಸೇರುವೆಯ ಗೆರೆ ಕಾಣುವಂತೆಯೇ ಉಳಿಯಿತು.

ಈ ಆಚಾರ್ಯರ ಟೀಕೆಗಳೇ ಮುದ್ರಣಯುಗಕ್ಕೆ ಬಂದಾಗ ನಡೆದದ್ದು ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ತಾಡವಾಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾಗಿದ್ದವೇ ಹೊರತು ಅಧ್ಯಯನದ ವಸ್ತುಗಳಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಹೊರಗೆ ಹೋದ ಒಂದು ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಉತ್ತರ ಭಾರತದ ಹಲವು ಭಂಡಾರಗಳಿಗೆ ಗ್ರಂಥ ತಲುಪಿತು. ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ ಅವರ ಕೈಯಲ್ಲಿ ಇದ್ದದ್ದು ಇಂಥ ಪ್ರತಿಯ ಪ್ರತಿಗಳು. ಮೂಲದ ತಾಡವಾಲೆಯೊಡನೆ ಅವನ್ನು ತಾಳೆನೋಡುವ ಅವಕಾಶ ಅವರಿಗೆ ಇನ್ನೂ ದೊರೆತಿರಲಿಲ್ಲ. ಗೃಹಸ್ಥರು ಸಿದ್ಧಾಂತ ಗ್ರಂಥಗಳನ್ನು ಓದಬಾರದೆಂಬ ಆಕ್ಷೇಪವೂ ಇತ್ತು. ಕಾಯುವುದಕ್ಕೆ ಕಾರಣಗಳು ಸಾಕಷ್ಟಿದ್ದವು. ಹೀಗಿದ್ದರೂ 1939ರಲ್ಲಿ ಮೊದಲ ಸಂಪುಟ ಪ್ರಕಟವಾಯಿತು.

ಆ ಸಂಪುಟದ 93ನೆಯ ಸೂತ್ರದಲ್ಲಿ ಒಂದು ಪದದ ಪ್ರಶ್ನೆ ಎದ್ದಿತು. ಸೂತ್ರ ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವಂಥದು. ಕೈಯಲ್ಲಿದ್ದ ಪ್ರತಿಗಳಲ್ಲಿ ‘ಸಂಜದ’ ಎಂಬ ಪದವಿಲ್ಲ. ಆದರೆ ಟೀಕೆಯ ಚರ್ಚೆಯನ್ನು ನೋಡಿದರೆ ಅದು ಇರಲೇಬೇಕು. ಸಂಯತ ಎಂಬುದರ ಪ್ರಾಕೃತ ರೂಪ ಅದು. ಅದೊಂದು ಪದ ಇದೆಯೋ ಇಲ್ಲವೋ ಎಂಬುದು ಸ್ತ್ರೀಯರ ಸಂಯಮ ಮತ್ತು ಮುಕ್ತಿಯ ಚರ್ಚೆಗೆ, ಎಂದರೆ ದಿಗಂಬರ ಸಿದ್ಧಾಂತದ ಅತ್ಯಂತ ಸೂಕ್ಷ್ಮವಾದ ಒಂದು ಎಡೆಗೆ ತಗಲುತ್ತದೆ. ಸಂಪಾದಕರು ಪದವನ್ನು ಸದ್ದಿಲ್ಲದೆ ಮೂಲಕ್ಕೆ ಸೇರಿಸಲಿಲ್ಲ, ಸದ್ದಿಲ್ಲದೆ ಬಿಟ್ಟುಬಿಡಲೂ ಇಲ್ಲ. ಇಲ್ಲಿ ಇಂಥ ಪದ ಉಳಿದುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದೊಡ್ಡ ವಿವಾದವೇ ನಡೆಯಿತು. ಕೊನೆಗೆ ಮೂಡಬಿದಿರೆಯ ತಾಡವಾಲೆಯನ್ನು ನೋಡಿದಾಗ ಆ ಪದ ಅಲ್ಲಿತ್ತು.

ಪ್ರಕಟಣೆಯ ಫಲ ಇದಕ್ಕಿಂತಲೂ ವಿಸ್ತಾರವಾದದ್ದು. ಅಚ್ಚಾದ ಸಂಪುಟಗಳ ಶ್ರದ್ಧೆಯನ್ನು ಕಂಡ ಮೇಲೆ ಮೂಡಬಿದಿರೆಯಿಂದ ಸಹಕಾರ ದೊರೆಯಿತು. ಮೂರನೆಯ ಸಂಪುಟದ ಹೊತ್ತಿಗೆ ತಾಡವಾಲೆಯ ಪಾಠಾಂತರಗಳು ಸಂಪಾದಕರನ್ನು ತಲುಪತೊಡಗಿದ್ದವು. ಮೂಲ ಸಿಕ್ಕಿದ ಮೇಲೆ ಪ್ರಕಟಿಸೋಣ ಎಂದು ಕುಳಿತಿದ್ದರೆ ಬಹುಶಃ ಮೂಲವೂ ಸಿಕ್ಕುತ್ತಿರಲಿಲ್ಲ. ಹದಿನಾರು ಸಂಪುಟಗಳು ಮುಗಿದದ್ದು 1958ರಲ್ಲಿ. ಮೊದಲ ಸಂಪುಟದ ಪರಿಷ್ಕೃತ ಆವೃತ್ತಿ ಸೋಲಾಪುರದಿಂದ ಬಂದದ್ದು 1973ರಲ್ಲಿ. ಶ್ರವಣಬೆಳಗೊಳದ ಶಾಸನಗಳು ಮೈಸೂರಿನಲ್ಲಿ ಎರಡನೆಯ ಸಲ ಪರಿಷ್ಕಾರಗೊಂಡು ಹೊರಬಂದದ್ದೂ ಅದೇ ವರ್ಷ.

ಮೈಸೂರಿನ ಯೋಜನೆ 1972ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾಗಿತ್ತು. ವಿನ್ಯಾಸ ವಿಶಾಲವಾದದ್ದು: ರೈಸ್ ಅವರ ಸಂಗ್ರಹ, ಆಮೇಲಿನ ಅನುಬಂಧ ಸಂಪುಟಗಳು, ಇಲಾಖೆಯ ವಾರ್ಷಿಕ ವರದಿಗಳಲ್ಲಿ ಚದುರಿದ್ದವು, ಹೊಸದಾಗಿ ಸಿಕ್ಕಿದವು, ಎಲ್ಲವೂ ತಾಲ್ಲೂಕುವಾರಾಗಿ ಒಂದೆಡೆ. 1979ರ ವೇಳೆಗೆ ಏಳು ಸಂಪುಟಗಳು ಬಂದವು. ಆಮೇಲೆ ವೇಗ ಕುಂದಿತು. ಬೇಲೂರಿನ ಒಂಬತ್ತನೆಯದಕ್ಕೆ 1990 ಆಯಿತು. ಎಲ್ಲ ಜಿಲ್ಲೆಗಳೂ ಸಿದ್ಧವಾಗಲೆಂದು ಕಾದಿದ್ದರೆ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಶಾಸನಗಳು ದಶಕಗಳ ಕಾಲ ಕರಡುಹಾಳೆಗಳಲ್ಲಿ ಕೊಳೆಯುತ್ತಿದ್ದವು. ಕಲ್ಲುಗಳು ಕಾಯುವುದಿಲ್ಲ. ಉಳುಮೆಯಲ್ಲಿ ಉರುಳುತ್ತವೆ, ಕಟ್ಟಡದ ಪಾಯಕ್ಕೆ ಹೋಗುತ್ತವೆ, ಸುಣ್ಣ ಬಳಿಸಿಕೊಂಡು ಮೂಕವಾಗುತ್ತವೆ.

ಹಾಗೆ ಬಿಡಿಬಿಡಿಯಾಗಿ ಹೊರಬಿಟ್ಟದ್ದರಿಂದ ಆದ ತೊಂದರೆಯೂ ಸಣ್ಣದಲ್ಲ. ಅರ್ಧ ನಾಡು ಹೊಸ ಸಂಖ್ಯೆಯಲ್ಲಿ, ಅರ್ಧ ನಾಡು ಹಳೆಯ ಸಂಖ್ಯೆಯಲ್ಲಿ. ಮೈಸೂರು ಸೀಮೆಯ ಬಸದಿಗಳನ್ನು ಕುರಿತು ಬರೆಯುವವರು 1970ರ ದಶಕದ ಸಂಪುಟಗಳನ್ನು ಉಲ್ಲೇಖಿಸುತ್ತಿದ್ದಾಗ ಹೊಂಬುಜದ ಸಾಂತರರನ್ನು ಕುರಿತು ಬರೆಯುವವರು ರೈಸ್ ಅವರ 1904ರ ಶಿವಮೊಗ್ಗ ಸಂಪುಟವನ್ನೇ ನಂಬಬೇಕಿತ್ತು. ‘ಎ. ಕ. 4’ ಎಂದಷ್ಟೇ ಬರೆದ ಅಡಿಟಿಪ್ಪಣಿ ಯಾವ ನಾಲ್ಕನೆಯ ಸಂಪುಟವನ್ನು ಹೇಳುತ್ತದೆ? ಹಳೆಯದೋ, ಹೊಸದೋ? ನಾಗಮಂಗಲ ಹಳೆಯದರಲ್ಲಿದೆ, ಹೊಸದರಲ್ಲಿಲ್ಲ. ಚಾಮರಾಜನಗರ ಎರಡರಲ್ಲಿಯೂ ಇದೆ, ಸಂಖ್ಯೆ ಬೇರೆ. ಬಿ. ಎ. ಸಾಲೆತೊರೆಯವರ ಮಧ್ಯಕಾಲೀನ ಜೈನಧರ್ಮದಂಥ ಗ್ರಂಥವನ್ನು ತೆರೆದರೆ ಅಲ್ಲಿರುವುದೆಲ್ಲ ಹಳೆಯ ಸಂಖ್ಯೆಗಳೇ. ಅದು ಬಂದದ್ದು 1938ರಲ್ಲಿ. ಬೇರೆ ದಾರಿ ಇರಲಿಲ್ಲ.

ಈ ತೊಡಕಿಗೆ ನರಸಿಂಹಾಚಾರ್ಯರು 1923ರಲ್ಲಿಯೇ ಒಂದು ಉಪಾಯವನ್ನು ಮಾಡಿದ್ದರು. ರೈಸ್ ಅವರ ಪುಸ್ತಕದಲ್ಲಿ ಮಲ್ಲಿಷೇಣ ಪ್ರಶಸ್ತಿಯ ಸಂಖ್ಯೆ 54. ಪರಿಷ್ಕೃತ ಆವೃತ್ತಿಯಲ್ಲಿ ಅದು 67 ಆಯಿತು. ಆದರೆ ಹೊಸ ಸಂಖ್ಯೆಯ ಪಕ್ಕದಲ್ಲಿ ಕಂಸದೊಳಗೆ ಹಳೆಯದೂ ನಿಂತಿತು: 67 (54). ಆ ಕಂಸಕ್ಕೆ ತಗಲುವುದು ಅರ್ಧ ಅಂಗುಲ ಜಾಗ. 1889ರಿಂದ 1923ರವರೆಗೆ ಬರೆದ ಎಲ್ಲ ಲೇಖನಗಳೂ ಅದರಿಂದಾಗಿ ಬಳಕೆಗೆ ಉಳಿದವು. ಇಂದಿಗೂ ಶ್ರವಣಬೆಳಗೊಳದ ಶಾಸನಗಳನ್ನು ಹಳೆಯ ವಿದ್ವಾಂಸರ ಬರಹಗಳಲ್ಲಿ ಈ ಜೋಡಿಸಂಖ್ಯೆಗಳಿಂದಲೇ ಗುರುತಿಸುತ್ತಾರೆ. ರಾವಂದೂರಿನ ಶಾಸನವನ್ನು ಉಲ್ಲೇಖಿಸುವವರು ಹುಣಸೂರಿನ ಸಂಖ್ಯೆಯನ್ನೂ ಪಿರಿಯಾಪಟ್ಟಣದ ಸಂಖ್ಯೆಯನ್ನೂ ಒಟ್ಟಿಗೆ ಕೊಟ್ಟರೆ, 1898ರ ಸಂಪುಟವೊಂದೇ ಉಳಿದಿರುವ ಊರಿನ ಗ್ರಂಥಾಲಯದಲ್ಲಿ ಕುಳಿತವನಿಗೂ ಆ ಶಾಸನ ಸಿಗುತ್ತದೆ.