ಎದುರು ಮನೆಯ ಅವಲಕ್ಕಿ ಸರ

ಅರಸೀಕೆರೆಯಲ್ಲಿ ಮೂರನೇ ಕ್ಲಾಸು ಓದುತ್ತಿದ್ದಾಗ ನನಗೆ ಕೆಪ್ಪಟ್ರಾಯ ಬಂತು. ಎರಡೂ ಕೆನ್ನೆ ಊದಿ, ಕನ್ನಡಿಯಲ್ಲಿ ನೋಡಿಕೊಂಡರೆ ಹಳೇಬೀಡಿನ ನಂದಿಯ ಮರಿ. ಅಜ್ಜಿ ಡಾಕ್ಟರ ಹೆಸರೆತ್ತಲಿಲ್ಲ. ಬಟ್ಟೆಗೆ ಹಾಕುವ ನೀಲಿ ಕಲಸಿ ದವಡೆಗೆ ಬಳಿದಳು. ಎದುರು ಮನೆಯಿಂದ ಅವಲಕ್ಕಿ ಸರ ಕೇಳಿ ತಂದು ಕೊರಳಿಗೆ ಹಾಕಿದಳು. ಕೊಬ್ಬರಿಗೆ ಬೆಲೆಯಿಲ್ಲದ ಆ ವರ್ಷ ನಮ್ಮ ಚಿನ್ನವೆಲ್ಲ ಅಡವಿಗೆ ಹೋಗಿತ್ತು. ಯಾವುದಕ್ಕೂ ಇರಲಿ ಎಂದು ಬೇಲೂರು ಚೆನ್ನಕೇಶವನಿಗೂ ಒಂದು ಹರಕೆ. "ಚಿನ್ನ ಮೈಗೆ ತಾಗ್ತಿದ್ರೆ ಇಳಿಯುತ್ತೆ. ಹೊಸಲು ಮಾತ್ರ ದಾಟಬೇಡ ಕಣೋ." ವಾರದಲ್ಲಿ ಇಳಿಯಿತು. ಅದು ತಾನಾಗಿಯೇ ಇಳಿಯುವ ಊತವೆಂದು ಗೊತ್ತಾದದ್ದು ಬಹಳ ಕಾಲದ ಮೇಲೆ.

ಅಜ್ಜಿಯ ಮದ್ದಿಗೆ ನಗುವವರು ಸ್ಪೇನಿನ ಕೆವೆದೊನ (1580–1645) ಕಡೆ ಒಮ್ಮೆ ನೋಡಬೇಕು. ವೈದ್ಯರನ್ನು ಪದ್ಯದಲ್ಲೂ ಗದ್ಯದಲ್ಲೂ ಜಾಲಾಡಿದವನು ಅವನು. ಆ ಕಾಲದ ಯುರೋಪಿನ ದೊರೆಗಳು, ಆಡಿನ ಹೊಟ್ಟೆಯಲ್ಲಿ ಗಟ್ಟಿಯಾದ ಬೆಜೋರ್ ಕಲ್ಲನ್ನು ವಿಷಕ್ಕೆ ಮದ್ದೆಂದು ಕೇಳಿದಷ್ಟು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ನಮ್ಮ ಪಕ್ಕದ ಗೋವೆಯ ಜೆಸ್ಯೂಟರು ಅದಕ್ಕೊಂದು ಬದಲಿಯನ್ನೇ ತಯಾರಿಸಿದರು: ಜೇಡಿಮಣ್ಣು, ಕಸ್ತೂರಿ ಸೇರಿಸಿ ಉಂಡೆ ಕಟ್ಟಿ, ಮೇಲೆ ಚಿನ್ನದ ರೇಕು. ಹೆರೆದು ನೀರಲ್ಲಿ ಕದಡಿ ಕುಡಿಯಬೇಕು. ಅಜ್ಜಿಯ ಚಿನ್ನವಾದರೂ ವಾಪಸು ಕೊಡುವಂಥದ್ದು.

ಹಾಗೆ ನೋಡಿದರೆ ಸ್ಪೇನಿನವರೆಗೆ ಹೋಗಬೇಕಾದ್ದೇ ಇಲ್ಲ. ಹಳೇಬೀಡು ದೋರಸಮುದ್ರವಾಗಿದ್ದ ಕಾಲಕ್ಕೆ, ವೀರಬಲ್ಲಾಳನ ಕವಿ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಣ್ಣಾರೆ ಕಂಡ ಯಶೋಧರ, ತಾಯಿಯ ಮುಂದೆ ಬಾಯಿಬಿಡಲಾರದೆ, ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ತಾಯಿ ಕನಸಿಗೆ ಮದ್ದು ಹೇಳುತ್ತಾಳೆ: ಚಂಡಮಾರಿಗೆ ಬಲಿ. ಜೀವ ತೆಗೆಯಲು ಮಗ ಒಲ್ಲೆನೆಂದಾಗ ಹಿಟ್ಟಿನ ಕೋಳಿಗೆ ರಾಜಿ. ಕತ್ತಿ ಬಿದ್ದದ್ದೇ ತಡ, ಹಿಟ್ಟಿನ ಕೋಳಿ ಕೂಗುತ್ತದೆ! ಪಂಡಿತರು ಇದರಲ್ಲಿ ಸಂಕಲ್ಪಹಿಂಸೆಯನ್ನು ಕಾಣುತ್ತಾರೆ, ಸರಿಯೇ. ನನಗೆ ಕಾಣುವುದು ರೋಗ ಮುಚ್ಚಿಟ್ಟು ಮದ್ದು ಕೇಳಿದವನ ಪಾಡು. ಕೊನೆಗೆ ತಾಯಿ ಮಗ ಇಬ್ಬರಿಗೂ ಅಮೃತಮತಿ ಉಣಬಡಿಸುವುದು ವಿಷ. ಅಲ್ಲಿಗೆ ಬಂದಾಗೆಲ್ಲ, ಅರಮನೆಯಲ್ಲೊಂದು ಬೆಜೋರ್ ಕಲ್ಲಿದ್ದಿದ್ದರೆ ಎಂದು ನನ್ನ ಮನಸ್ಸು ಹೊಯ್ದಾಡುತ್ತದೆ, ಕೆವೆದೊ ನಗಲಿ.

ಎಂಟನೆಯ ದಿನ ಅಜ್ಜಿ ಸರವನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ, ಎಲೆ ಅಡಿಕೆ ಜೊತೆಗಿಟ್ಟು ಎದುರು ಮನೆಗೆ ಒಪ್ಪಿಸಿ ಬಂದಳು. ಮತ್ತೆ ಹತ್ತು ದಿನಕ್ಕೆ ಆ ಮನೆಯ ಹುಡುಗನ ಕೆನ್ನೆಯೂ ಊದಿತು. ನನ್ನ ಜೊತೆ ಗೋಲಿ ಆಡಿದವನೇ. ಅಜ್ಜಿ ನಿಟ್ಟುಸಿರು ಬಿಟ್ಟಳು: "ಪಾಪ, ಆ ವಾರ ಸರ ಅವರ ಮನೇಲೇ ಇದ್ದಿದ್ರೆ ಅವನಿಗೆ ಬರ್ತಾನೇ ಇರ್ಲಿಲ್ಲ."