ಗೋಡೆಯ ಮೇಲಿನ ಕಾಗದ

ಕಂಠಸ್ಥವಾದುದೇ ವಿದ್ಯೆಯೆಂದು ಪಾಠಶಾಲೆಯಲ್ಲಿ ಕಲಿತು, 35 ವರ್ಷ ಹಾಗೆಯೇ ಕಲಿಸಿದವನು ನಾನು. ಹೋದ ಯುಗಾದಿಯಂದು ಆ ಗರ್ವವು ಮುರಿಯಿತು. ಆರು ವರ್ಷದ ಮೊಮ್ಮಗನಿಗೆ ಕಡಲೆಕಾಯಿಯ ಅಲರ್ಜಿಯುಂಟೆಂದು ಸೊಸೆಯು ಹೇಳಿದ್ದುದನ್ನು ಮರೆತು, ಮಾವಿನಕಾಯಿ ಚಿತ್ರಾನ್ನದ ತುತ್ತೊಂದನ್ನು ನಾನೇ ತಿನ್ನಿಸಿದೆನು. ಕೆಲವೇ ನಿಮಿಷಗಳಲ್ಲಿ ತುಟಿ ಬಾತು, ಮೈಯೆಲ್ಲ ದದ್ದೆದ್ದು, ಉಸಿರಾಟವು ಕಷ್ಟವಾಯಿತು. ಔಷಧವು ಮನೆಯಲ್ಲಿಯೇ ಇದ್ದಿತು. ಎಲ್ಲಿರುವುದೆಂದು ನನಗೆ ಹೊಳೆಯಲಿಲ್ಲ. ಸೊಸೆಯು ಓಡಿಬಂದು ಅಡ್ರಿನಲಿನ್ ಚುಚ್ಚಿದುದರಿಂದ ಮಗು ಉಳಿಯಿತು.

ಅನಂತರ ವೈದ್ಯರನ್ನು ಕೇಳಿ, ದಪ್ಪಕ್ಷರಗಳಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆನು: ಉಸಿರು ಕಟ್ಟಿದರೆ, ಇಲ್ಲವೆ ಮಗು ಬಸವಳಿದರೆ, ವೈದ್ಯರು ಗೊತ್ತುಮಾಡಿದ ಪ್ರಮಾಣದ ಅಡ್ರಿನಲಿನ್ನನ್ನು ಕೂಡಲೇ ತೊಡೆಯ ಹೊರಭಾಗಕ್ಕೆ ಚುಚ್ಚತಕ್ಕದ್ದು, ಮಾತ್ರೆಯನ್ನು ನಂಬಿ ತಡಮಾಡಲಾಗದು. 108ಕ್ಕೆ ಕರೆಮಾಡುವುದು. ಕಾಲೆತ್ತರಿಸಿ ಮಲಗಿಸುವುದು, ಉಸಿರಿಗೆ ಕಷ್ಟವಾದರೆ ಕುಳ್ಳಿರಿಸುವುದು, ನಡೆಸಕೂಡದು. ಐದು ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಚುಚ್ಚುವುದು. ಚೇತರಿಸಿಕೊಂಡರೂ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಾಗದದ ಕೆಳಗೇ ಔಷಧದ ಡಬ್ಬಿಯಿದೆ. ಇಂತಹುದೇ ಇನ್ನೊಂದು ಪ್ರತಿಯೂ ಡಬ್ಬಿಯೂ ಶಾಲೆಯ ಉಪಾಧ್ಯಾಯಿನಿಯವರ ಬಳಿ ಇವೆ. ಪ್ರತಿದಿನ ಬೆಳಗ್ಗೆ ಅದನ್ನೊಮ್ಮೆ ಓದುವೆನು. ಈಗ ಎಲ್ಲವೂ ಕಂಠಪಾಠವಾಗಿದೆ. ಆದರೂ ಕಾಗದವನ್ನು ತೆಗೆಯಲಾರೆನು.